ಕುಮಟಾ–ಶಿರಸಿ–ತಡಸ: ಹತ್ತಿಯ ದಾರಿಯಿಂದ ರಾಜ್ಯ ಹೆದ್ದಾರಿ 69ರವರೆಗೆ

ಅಘನಾಶಿನಿ ದಂಡೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಉತ್ತರ ಕನ್ನಡ ಜಿಲ್ಲೆಯ ರಸ್ತೆಗಳ ಕುರಿತು ಇಲ್ಲಿ ಆಗಾಗ ಮಾತು ಬರುತ್ತದೆಯಾದರೂ ಅದು ಹೊಂಡ, ಬಸ್ಸು ಮತ್ತು ಟೆಂಡರುಗಳನ್ನು ದಾಟಿ ಮುಂದೆ ಹೋಗುವುದು ಕಡಿಮೆ. ಕುಮಟಾ–ಶಿರಸಿ–ತಡಸ ರಸ್ತೆಯ ಮಾರ್ಗವನ್ನೂ ಹುಟ್ಟನ್ನೂ ಒಂದೆಡೆ ಬರೆದಿಡಬೇಕೆಂಬ ಆಸೆಯಿಂದ ಈ ಚರ್ಚೆ ಆರಂಭಿಸುತ್ತಿದ್ದೇನೆ.

ಕಡಲ ಮಟ್ಟದ ಕುಮಟಾದಿಂದ ಹೊರಟು, ಅಘನಾಶಿನಿ ನದಿಯ ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಬಯಲಿನ ಸೀಮೆಯನ್ನು ಬಿಟ್ಟು, ಚಂಡಿಕಾ ಹೊಳೆಯ ಆಸುಪಾಸಿನಲ್ಲಿ ಕತಗಾಲ ತಲುಪಿ, ಅಲ್ಲಿಂದ ದೇವಿಮನೆ ಘಟ್ಟ ಹತ್ತಿ, ರಾಗಿಹೊಸಳ್ಳಿಯ ಮೂಲಕ ಶಿರಸಿಗೆ ಬಂದು, ಮುಂದೆ ಮಳಗಿ, ಮುಂಡಗೋಡ ಮಾರ್ಗವಾಗಿ ಶಿಗ್ಗಾವಿ ತಾಲ್ಲೂಕಿನ ತಡಸ ಮುಟ್ಟುವ ಈ ರಸ್ತೆಯನ್ನು ನಮ್ಮ ತಲೆಮಾರಿನವರು ರಾಜ್ಯ ಹೆದ್ದಾರಿ 69 ಎಂದೇ ತಿಳಿದವರು. ಈಗ ಇದರ ಕುಮಟಾ–ಶಿರಸಿ ಭಾಗ, ಅಂದರೆ ಸುಮಾರು 60 ಕಿಲೋಮೀಟರ್, ರಾಷ್ಟ್ರೀಯ ಹೆದ್ದಾರಿ 766ಇಗೆ ಸೇರಿದೆ. ಆ ರಾಷ್ಟ್ರೀಯ ಹೆದ್ದಾರಿ ಶಿರಸಿಯಿಂದ ಮುಂಡಗೋಡದ ಕಡೆ ಹೋಗದೆ ಹಾವೇರಿಯ ಕಡೆ ತಿರುಗುತ್ತದೆ. ಒಂದೇ ಆಗಿದ್ದ ರಸ್ತೆ ಹೀಗೆ ಎರಡು ಆಡಳಿತಗಳ ನಡುವೆ ಹಂಚಿಹೋಗಿದೆ.

ಬಂದರಿನ ಉಪ್ಪುಗಾಳಿಯಿಂದ ಹತ್ತಿ ಬೆಳೆಯುವ ಕಪ್ಪು ಮಣ್ಣಿನ ಅಂಚಿನವರೆಗೆ ಅರ್ಧ ದಿನದೊಳಗೆ ಕರೆದೊಯ್ಯುವ ರಸ್ತೆಗಳು ರಾಜ್ಯದಲ್ಲಿ ಹೆಚ್ಚಿಲ್ಲ. ಕರಾವಳಿಯಲ್ಲಿ ತೆಂಗು, ಭತ್ತ. ಘಟ್ಟದ ಇಳಿಜಾರಿನಲ್ಲಿ ನಿತ್ಯಹರಿದ್ವರ್ಣದ ಕಾಡು. ಶಿರಸಿ ಸೀಮೆಯ ಕಣಿವೆಗಳಲ್ಲಿ ಅಡಿಕೆ ತೋಟ, ಅದಕ್ಕೆ ಅಂಟಿಕೊಂಡ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಮಳಗಿ ದಾಟಿದರೆ ತೇಗ, ಮತ್ತಿಯ ಎಲೆ ಉದುರುವ ಕಾಡು. ಮುಂಡಗೋಡ ಬಿಟ್ಟ ಮೇಲೆ ಗೋವಿನಜೋಳ, ಹತ್ತಿಯ ಹೊಲ. ಕುಮಟಾದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಸುರಿಯುವ ಮಳೆ ಮುಂಡಗೋಡದಲ್ಲಿ ಹೆಚ್ಚುಕಡಿಮೆ ಅದರ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ನೀರೂ ಈ ದಾರಿಯಲ್ಲಿ ಎರಡಾಗುತ್ತದೆ. ಶಿರಸಿಯ ಪಶ್ಚಿಮಕ್ಕೆ ಬಿದ್ದ ಮಳೆ ಅಘನಾಶಿನಿಯ ಮೂಲಕ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಮಳಗಿಯ ಧರ್ಮಾ ಜಲಾಶಯಕ್ಕೆ ಸೇರಿದ ನೀರು ವರದಾ, ತುಂಗಭದ್ರಾ, ಕೃಷ್ಣೆಯರ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಈ ರಸ್ತೆ ಮದ್ರಾಸ್, ಮುಂಬಯಿ, ಮೈಸೂರು ಮತ್ತು ಕರ್ನಾಟಕದ ಆಡಳಿತಗಳನ್ನು ಕಂಡು ಈಗ ಭಾಗಶಃ ಕೇಂದ್ರದ ಕೈಗೆ ಬಂದಿದೆ. ಇದನ್ನು ಕಡಿದಾಗಲೂ ಅಗಲ ಮಾಡಿದಾಗಲೂ ಲೆಕ್ಕಕ್ಕೆ ಹಿಡಿದದ್ದು ಎರಡು ತುದಿಗಳನ್ನು ಮಾತ್ರ: ಒಂದು ತುದಿಯ ಬಂದರು, ಇನ್ನೊಂದು ತುದಿಯ ಬಯಲುಸೀಮೆಯ ಮಾರುಕಟ್ಟೆ. ನಡುವಿನ ಕತಗಾಲ, ದೇವಿಮನೆ, ರಾಗಿಹೊಸಳ್ಳಿ, ಮಳಗಿಗಳು ಆ ಲೆಕ್ಕದಲ್ಲಿ ಎಂದೂ ಬರಲಿಲ್ಲ. ರಸ್ತೆಯ ಇತಿಹಾಸ ಬರೆಯುವಾಗಲಾದರೂ ಈ ನಡುವಿನ ಊರುಗಳಿಗೆ ಜಾಗ ಸಿಗಬೇಕು. ತಿಳಿದವರು ಸೇರಿಸಿ, ತಪ್ಪಿದ್ದರೆ ತಿದ್ದಿ.

ಹಳೇ ಹುಬ್ಬಳ್ಳಿ

ತಮ್ಮ ಬರಹ ಓದಿ ಸಂತೋಷವಾಯಿತು. ಹತ್ತಿಯ ಭಾಗವನ್ನು ನಾನು ಸ್ವಲ್ಪ ವಿಸ್ತರಿಸುತ್ತೇನೆ, ಏಕೆಂದರೆ ಈ ರಸ್ತೆಯ ಹುಟ್ಟಿನ ಕಥೆ ಘಟ್ಟದ ಮೇಲಿನ ನಮ್ಮ ಸೀಮೆಯಿಂದಲೇ ಆರಂಭವಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಪರಿಸ್ಥಿತಿ ವಿಚಿತ್ರವಾಗಿತ್ತು. ಹತ್ತಿ ಬೆಳೆಯುವ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಆ ಹತ್ತಿ ಹಡಗು ಹತ್ತಬೇಕಾದ ಕುಮಟಾ ಬಂದರು ಮಾತ್ರ ಕೆನರಾ ಜಿಲ್ಲೆಗೆ ಸೇರಿ ಮದ್ರಾಸ್ ಪ್ರಾಂತದಲ್ಲಿತ್ತು. ಘಟ್ಟದ ರಸ್ತೆಗೆ ಹಣ ಕೊಡಬೇಕಾದ ಸರ್ಕಾರ ಒಂದು, ಅದರಿಂದ ಲಾಭ ಪಡೆಯುವ ಸರ್ಕಾರ ಇನ್ನೊಂದು. ಮುಂಬಯಿಯ ವರ್ತಕರೂ ಮ್ಯಾಂಚೆಸ್ಟರಿನ ಗಿರಣಿ ಮಾಲೀಕರೂ ಈ ಬಗ್ಗೆ ಒಂದೇ ಸಮನೆ ದೂರುತ್ತಿದ್ದರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ದಕ್ಷಿಣದ ರಾಜ್ಯಗಳ ಬಂದರುಗಳಿಗೆ ದಿಗ್ಬಂಧನ ಬಿದ್ದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರ ಬಂದಿತು, ಧಾರವಾಡದ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. 1862ರಲ್ಲಿ ಉತ್ತರ ಕೆನರಾವನ್ನು ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದ್ದರ ಹಿಂದಿನ ಒತ್ತಡ ಮುಖ್ಯವಾಗಿ ಇದೇ. ಕುಂದಾಪುರ ತಾಲ್ಲೂಕನ್ನು ಮಾತ್ರ ಬಿಟ್ಟು ಉಳಿದದ್ದು ಮುಂಬಯಿಗೆ ಹೋಯಿತು. ಒಂದು ಜಿಲ್ಲೆಯ ಗಡಿಯನ್ನೇ ಬದಲಿಸಿದ ಈ ವ್ಯವಹಾರದ ನಡುವೆ ಘಟ್ಟದ ರಸ್ತೆಗಳಿಗೆ ಹಣವೂ ಬಂದಿತು, ಅವಸರವೂ ಬಂದಿತು.

ಅದಕ್ಕೂ ಮೊದಲು ಘಟ್ಟದಲ್ಲಿ ದಾರಿಯೇ ಇರಲಿಲ್ಲ ಎಂದು ಭಾವಿಸಬಾರದು. ಲಮಾಣಿಗಳ ಹೇರೆತ್ತುಗಳು ಉಪ್ಪನ್ನು ಮೇಲಕ್ಕೂ ಧಾನ್ಯವನ್ನು ಕೆಳಕ್ಕೂ ಸಾಗಿಸುತ್ತಿದ್ದ ಕಾಲುದಾರಿಗಳು ಬಹಳ ಹಳೆಯವು. ಶಿರಸಿ ಬಳಿಯ ಸೋದೆಯ ಅರಸರ ಸೀಮೆಯ ಮೆಣಸು, ಅಡಿಕೆಗಳು ಕಡಲಿಗೆ ಇಳಿದದ್ದು ಇಂಥ ದಾರಿಗಳಿಂದಲೇ. ಆದರೆ ಹೇರೆತ್ತಿನ ಬೆನ್ನಿನ ಮೇಲೆ ಹೋಗುವ ಮೆಣಸು ಬೇರೆ, ಚಕ್ಕಡಿಯಲ್ಲಿ ಹೋಗಬೇಕಾದ ಹತ್ತಿಯ ಅಂಡಿಗೆ ಬೇರೆ. ಹತ್ತಿಗೆ ತೂಕಕ್ಕಿಂತ ಗಾತ್ರ ಹೆಚ್ಚು. ಎತ್ತಿನ ಎರಡೂ ಪಕ್ಕಕ್ಕೆ ಹೇರು ಕಟ್ಟಿದರೆ ಇಕ್ಕಟ್ಟಾದ ಕಾಡುದಾರಿಯಲ್ಲಿ ಅದು ಪೊದೆಗಳಿಗೆ ತಾಗಿ ಹರಿಯುತ್ತಿತ್ತು, ಮಂಜಿಗೆ ನೆನೆಯುತ್ತಿತ್ತು, ಧೂಳು ಹೊತ್ತುಕೊಳ್ಳುತ್ತಿತ್ತು. ಭಾರತದ ಹತ್ತಿ ಕೊಳಕು, ಕಲಬೆರಕೆ ಎಂಬ ದೂರಿನ ಮೇಲೆ ಮುಂಬಯಿ ಸರ್ಕಾರ 1863ರಲ್ಲಿ ಹತ್ತಿಯ ಮೋಸ ತಡೆಯುವ ಕಾಯ್ದೆಯನ್ನೇ ತಂದಿತು. ವರ್ತಕರ ಮೋಸ ಇದ್ದಿರಬಹುದು. ಆ ಕೊಳೆಯಲ್ಲಿ ಒಂದು ಪಾಲು ದಾರಿಯದೂ ಆಗಿತ್ತು ಎಂಬುದು ನನ್ನ ಅಭಿಪ್ರಾಯ.

ಹುಬ್ಬಳ್ಳಿಯ ಕಡೆಯಿಂದಲೂ ಹಾನಗಲ್ಲಿನ ಕಡೆಯಿಂದಲೂ ಬಂದ ಚಕ್ಕಡಿಗಳು ಶಿರಸಿಯಲ್ಲಿ ಕೂಡಿ, ದೇವಿಮನೆ ಇಳಿದು ಕುಮಟಾ ಸೇರುತ್ತಿದ್ದವು. ಅಲ್ಲಿಂದ ಪಟೆಮಾರಿ ಎಂಬ ಹಾಯಿಹಡಗುಗಳಲ್ಲಿ ಮುಂಬಯಿಗೆ ಪ್ರಯಾಣ. ಮುಂಗಾರು ಹಿಡಿಯಿತೆಂದರೆ ಬಂದರೂ ಮುಚ್ಚುತ್ತಿತ್ತು, ಘಟ್ಟವೂ ಮುಚ್ಚುತ್ತಿತ್ತು. ಆದ್ದರಿಂದ ಸುಗ್ಗಿ ಮುಗಿದು ಮಳೆ ಬೀಳುವವರೆಗಿನ ಕೆಲವೇ ತಿಂಗಳುಗಳಲ್ಲಿ ಇಡೀ ವರ್ಷದ ಸಾಗಾಟ ಮುಗಿಯಬೇಕಿತ್ತು. ಕುಮಟಾದಲ್ಲಿ ಹತ್ತಿಯ ಗಿಡವೇ ಇಲ್ಲದಿದ್ದರೂ ಧಾರವಾಡ ಸೀಮೆಯ ಜವಾರಿ ಹತ್ತಿಯನ್ನು ಪೇಟೆಯವರೂ ಕೃಷಿ ವಿಜ್ಞಾನಿಗಳೂ ಬಹುಕಾಲ ಕುಮಟಾ ಹತ್ತಿ ಎಂದೇ ಕರೆದರು.

ಈ ವೈಭವ ಬಹಳ ಕಾಲ ಉಳಿಯಲಿಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿ ಹುಬ್ಬಳ್ಳಿ–ಧಾರವಾಡಕ್ಕೆ ಬಂದು, ಲೋಂಡಾ, ಕ್ಯಾಸಲ್ ರಾಕ್ ಮೂಲಕ ಗೋವೆಯ ಮರ್ಮಗೋವಾ ಬಂದರಿಗೆ ಕೂಡಿಕೊಂಡಾಗ, ಹತ್ತಿ ತನ್ನ ಹಳೆಯ ದಾರಿಯನ್ನು ಬಿಟ್ಟುಬಿಟ್ಟಿತು. ಕುಮಟಾದ ವ್ಯಾಪಾರ ಬತ್ತಿತು. ಯಾರಿಗಾಗಿ ಘಟ್ಟ ಕಡಿದರೋ ಅವರು ಹೋದ ಮೇಲೆ ರಸ್ತೆ ಮೊದಲ ಬಾರಿಗೆ ಸ್ಥಳೀಯರ ಪಾಲಿಗೆ ಉಳಿಯಿತು.

ತೋಟದ ಮನೆ, ಶಿರಸಿ

ಹಳೇ ಹುಬ್ಬಳ್ಳಿಯವರ ಕೊನೆಯ ಮಾತಿನಿಂದಲೇ ಮುಂದುವರಿಸುತ್ತೇನೆ. ಹತ್ತಿ ಹೋದ ಮೇಲೆ ಈ ರಸ್ತೆಯನ್ನು ಉಳಿಸಿದ್ದು ಅಡಿಕೆ, ಕಾಡಿನ ಮರಮುಟ್ಟು ಮತ್ತು ಕಡಲಿನ ಉಪ್ಪು, ಮೀನು. ಸಾಣಿಕಟ್ಟಾದ ಆಗರಗಳ ಉಪ್ಪು ಘಟ್ಟದ ಮೇಲಿನ ಮನೆಗಳಿಗೆ ಬರುತ್ತಿತ್ತು. ಅಘನಾಶಿನಿಯಲ್ಲಿ ಭರತದ ನೀರು ಹಿಡಿದು ದೋಣಿಗಳು ಉಪ್ಪಿನಪಟ್ಟಣದವರೆಗೂ ಏರಿ ಬರುತ್ತಿದ್ದುದರಿಂದ ಘಟ್ಟದ ಬುಡದಲ್ಲಿಯೇ ಸರಕು ಕೈ ಬದಲಾಗುತ್ತಿತ್ತು. ಇಂಥ ಎಡೆಗಳೇ ಅಘನಾಶಿನಿ ದಂಡೆಯವರು ಹೇಳಿದ ನಡುವಿನ ಊರುಗಳು.

1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿದ ಮೇಲೆ ಅಡಿಕೆಯ ವ್ಯಾಪಾರಕ್ಕೆ ಶಿರಸಿಯೇ ಕೇಂದ್ರವಾಗತೊಡಗಿತು. ಹಿಂದೆ ಬಂದರಿಗೆ ಹೋಗುವ ದಾರಿಯಲ್ಲಿ ತಂಗುವ ಊರಾಗಿದ್ದ ಶಿರಸಿಗೆ ಸುತ್ತಲಿನ ಹಳ್ಳಿಗಳ ಬೆಳೆಯೇ ಬಂದು ಸೇರತೊಡಗಿತು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಒಂಬತ್ತು ದಿನ ಈ ರಸ್ತೆಯ ಎರಡೂ ಕಡೆಯಿಂದ, ಕರಾವಳಿಯಿಂದಲೂ ಬಯಲುಸೀಮೆಯಿಂದಲೂ, ಜನ ಬಂದು ಸೇರುವುದನ್ನು ನೋಡಿದರೆ ಹೆದ್ದಾರಿಯ ಸಂಖ್ಯೆಗಿಂತ ಹಳೆಯದಾದ ಸಂಬಂಧ ಯಾವುದೆಂದು ತಿಳಿಯುತ್ತದೆ. 1956ರ ನವೆಂಬರ್ 1ರಂದು ಉತ್ತರ ಕನ್ನಡ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಾಗ ರಾಜಧಾನಿ ಬದಲಾಯಿತು; ದೇವಿಮನೆಯ ನೆತ್ತಿಯ ಗುಡಿಯ ಮುಂದೆ ಲಾರಿ ನಿಲ್ಲಿಸಿ ಕೈಮುಗಿದು ಇಳಿಯುವ ರೂಢಿ ಹಾಗೆಯೇ ಇದೆ.

ಮಳಗಿ ಕ್ರಾಸ್

ಚರ್ಚೆ ಘಟ್ಟದ ಸುತ್ತಲೇ ತಿರುಗುತ್ತಿರುವುದರಿಂದ ಪೂರ್ವದ ಭಾಗದವನಾಗಿ ಎರಡು ಮಾತು. ಶಿರಸಿ–ಮುಂಡಗೋಡ–ತಡಸದ ತುಂಡು ಈಗ ಉಳಿಕೆಯ ರಸ್ತೆಯಂತಾಗಿದೆ. ಬಂದರಿಗೆ ಕೂಡುವ ಕಾರಣಕ್ಕೆ ಪಶ್ಚಿಮದ ಭಾಗಕ್ಕೆ ಕೇಂದ್ರದ ಹಣ ಬಂದಿತು. ನಮ್ಮ ಭಾಗ ರಾಜ್ಯದ ಲೆಕ್ಕದಲ್ಲಿಯೇ ಇದೆ. ಹಾಗೆಂದು ಇಲ್ಲಿ ಸಂಚಾರ ಕಡಿಮೆಯಲ್ಲ. ಶಿರಸಿಯಿಂದ ಹುಬ್ಬಳ್ಳಿಗೆ ಹೋಗುವ ಬಸ್ಸುಗಳು, ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗುವ ಆಂಬುಲೆನ್ಸುಗಳು, 1966ರಿಂದ ಮುಂಡಗೋಡದ ಬಳಿ ನೆಲೆಸಿರುವ ಟಿಬೆಟನ್ ನಿರಾಶ್ರಿತರ ಶಿಬಿರಗಳಿಗೆ ಬರುವವರು, ಎಲ್ಲರಿಗೂ ಇದೇ ದಾರಿ. ಮಳಗಿಯಲ್ಲಿ ನಿಂತು ನೋಡಿದರೆ ಮೇಲಿನಿಂದ ಗೋವಿನಜೋಳದ ಲಾರಿ ಬರುತ್ತದೆ, ಕೆಳಗಿನಿಂದ ಮೀನಿನ ಗಾಡಿ ನೀರು ಸುರಿಸುತ್ತ ಬರುತ್ತದೆ. ಎರಡೂ ಇಲ್ಲಿ ನಿಲ್ಲದೆ ಹೋಗುತ್ತವೆ. ಅಘನಾಶಿನಿ ದಂಡೆಯವರು ಹೇಳಿದ್ದು ಅಕ್ಷರಶಃ ನಿಜ.

ನಿವೃತ್ತ ಲೋಕೋಪಯೋಗಿ

ನಾನು ರಸ್ತೆ ಕಾಮಗಾರಿಯಲ್ಲಿಯೇ ವೃತ್ತಿಜೀವನ ಕಳೆದವನು. ಇತಿಹಾಸಕ್ಕೆ ನಾನು ಸೇರಿಸಬಹುದಾದದ್ದು ಘಟ್ಟದ ರಸ್ತೆಯ ರಚನೆಯ ಬಗೆಗಿನ ಒಂದು ವಿಚಾರ, ಏಕೆಂದರೆ ಇಂದಿನ ತೊಂದರೆಗಳ ಬೇರು ಅಲ್ಲಿದೆ.

ಎತ್ತಿನ ಗಾಡಿಗಾಗಿ ಕಡಿದ ಘಟ್ಟದ ರಸ್ತೆ ಗುಡ್ಡದ ಮೈಯ ಮಡಿಕೆಗಳನ್ನು ಅನುಸರಿಸಿ ಹೋಗುತ್ತದೆ. ಎತ್ತುಗಳು ಭಾರ ಎಳೆದು ಹತ್ತಬೇಕು, ಭಾರ ತಡೆದು ಇಳಿಯಬೇಕು. ಆದ್ದರಿಂದ ಏರು ಮೆಲ್ಲಗಿರಬೇಕು, ಏರು ಮೆಲ್ಲಗಿರಬೇಕಾದರೆ ದಾರಿ ಉದ್ದವಾಗಬೇಕು, ತಿರುವುಗಳು ಹೆಚ್ಚಾಗಬೇಕು. ಅಗಲ ಕಡಿಮೆಯಿದ್ದುದರಿಂದ ಒಳಬದಿಯಲ್ಲಿ ಕಡಿದ ಧರೆಯ (ಗುಡ್ಡದ ಕಡಿದಾದ ಮಣ್ಣಿನ ಗೋಡೆಯ) ಎತ್ತರವೂ ಕಡಿಮೆಯಿತ್ತು. ಗುಡ್ಡದ ಪ್ರತಿ ಮಡಿಕೆಯಲ್ಲಿ ಮಳೆಗಾಲದಲ್ಲಿ ಒಂದು ತೊರೆ ಹುಟ್ಟುತ್ತದೆ. ಅಂಥ ಪ್ರತಿ ಜಾಗದಲ್ಲಿ ಹಳಬರು ಒಂದು ಮೋರಿ, ಅಂದರೆ ರಸ್ತೆಯಡಿ ನೀರು ದಾಟಿಸುವ ಕಿರುಸೇತುವೆ, ಕಟ್ಟುತ್ತಿದ್ದರು. ಘಟ್ಟದ ಹಳೆಯ ಮೋರಿಗಳನ್ನು ಹತ್ತಿರದಿಂದ ನೋಡಿದರೆ ಕೆಲಸದ ಕ್ರಮ ಕಾಣುತ್ತದೆ: ಆಕಾರಕ್ಕೆ ಕೆತ್ತಿದ ಕಲ್ಲುಗಳನ್ನು ಗಾರೆಯಲ್ಲಿ ಕೂಡಿಸಿದ ಕಮಾನು, ಮೇಲ್ಬದಿಯಲ್ಲಿ ನೀರನ್ನು ಬಾಯಿಗೆ ತರುವ ಎರಡು ರೆಕ್ಕೆಗೋಡೆ, ಕೆಳಬದಿಯಲ್ಲಿ ಬಿದ್ದ ನೀರು ಬುಡ ಕೊರೆಯದಂತೆ ಹಾಸಿದ ಚಪ್ಪಡಿ. ನೀರು ತನ್ನ ಹಳೆಯ ಜಾಡಿನಲ್ಲಿಯೇ ರಸ್ತೆಯ ಅಡಿಯಿಂದ ದಾಟಿ ಹೋಗುತ್ತದೆ.

ರಸ್ತೆಯನ್ನು ಎರಡು ಪಥಕ್ಕೆ ಅಗಲಿಸುವಾಗ ಕಣಿವೆಯ ಕಡೆ ಜಾಗವಿರುವುದಿಲ್ಲವಾದ್ದರಿಂದ ಗುಡ್ಡದ ಕಡೆ ಕಡಿಯುತ್ತಾರೆ. ಇಲ್ಲಿಯ ಗುಡ್ಡಗಳಲ್ಲಿ ಮೇಲೆ ದಪ್ಪನೆಯ ಜಂಬಿಟ್ಟಿಗೆ ಮಣ್ಣು, ಅದರ ಅಡಿಯಲ್ಲಿ ಶಿಥಿಲವಾದ ಜೇಡಿ ಪದರ, ಅದರ ಕೆಳಗೆ ಗಟ್ಟಿ ಬಂಡೆ. ಮಳೆನೀರು ಮೇಲಿನ ಮಣ್ಣಿನಲ್ಲಿ ಬೇಗ ಇಂಗಿ ಜೇಡಿಯ ಮೇಲೆ ನಿಲ್ಲುತ್ತದೆ. ಗುಡ್ಡದ ಬುಡವನ್ನು ಕಡಿದುಬಿಟ್ಟರೆ ಆ ನೀರು ಹೊತ್ತ ಮಣ್ಣಿಗೆ ಆಧಾರ ತಪ್ಪುತ್ತದೆ. ಆಗ ಧರೆ ಕುಸಿಯುವುದು ಅನಿರೀಕ್ಷಿತವೇನಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಗಳು ಹೋದದ್ದನ್ನು ನಾವೆಲ್ಲ ನೋಡಿದ್ದೇವೆ. ದೇವಿಮನೆ ಬೇರೆ, ಶಿರೂರು ಬೇರೆ, ನಿಜ. ಆದರೆ ಮಳೆಯೂ ಮಣ್ಣೂ ಬಹುಮಟ್ಟಿಗೆ ಒಂದೇ.

ತಡೆಗೋಡೆ ಕಟ್ಟಿದರೆ ಸಾಲದು. ಗೋಡೆಯ ಹಿಂದಿನ ನೀರು ಹೊರಬರಲು ತೂತುಗಳಿರಬೇಕು, ಅವು ಮುಚ್ಚದಂತೆ ಹಿಂಬದಿಯಲ್ಲಿ ಜಲ್ಲಿ ತುಂಬಿರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಧರೆಯ ನೆತ್ತಿಯ ಮೇಲೆ ಒಂದು ಕಾಲುವೆ ತೆಗೆದು ಗುಡ್ಡದ ನೀರನ್ನು ಕಡಿದ ಮೈಗೆ ತಾಗದಂತೆ ಪಕ್ಕಕ್ಕೆ ತಿರುಗಿಸಬೇಕು. ಇದು ಕೆಳಗೆ ಹೋಗುವವರಿಗೆ ಕಾಣುವುದಿಲ್ಲ. ಕಾಣದ ಕೆಲಸಕ್ಕೆ ಮೊದಲು ಕತ್ತರಿ ಬೀಳುತ್ತದೆ.

ಹೆಗಡೆ ಊರಿನವಳು

ಹಿರಿಯರ ಮಾತುಗಳನ್ನು ಗೌರವದಿಂದ ಓದಿದೆ. ಒಂದು ವಿಷಯದಲ್ಲಿ ನನಗೆ ಸಮ್ಮತಿಯಿಲ್ಲ. ರಸ್ತೆ ಅಗಲವಾಗುವುದೆಲ್ಲ ಬಂದರಿಗಾಗಿಯೇ ಎಂಬ ಧ್ವನಿ ಮೊದಲ ಬರಹದಲ್ಲಿದೆ. ಈ ರಸ್ತೆಯಲ್ಲಿ ಓಡಾಡುವ ನಮಗೂ ಅಗಲವಾದ ರಸ್ತೆ ಬೇಕಿತ್ತು. ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಇಲ್ಲವೆಂದು 2019ರಲ್ಲಿ ಜನ ಸಾಮಾಜಿಕ ಜಾಲತಾಣಗಳಲ್ಲಿ ದನಿ ಎತ್ತಿದ್ದು ತಮಗೆಲ್ಲ ನೆನಪಿರಬಹುದು. ಕುಮಟಾದವರು ಮಣಿಪಾಲಕ್ಕೆ, ಶಿರಸಿಯವರು ಹುಬ್ಬಳ್ಳಿಗೆ ಓಡಬೇಕಾದ ಜಿಲ್ಲೆಯಲ್ಲಿ, ಎದುರಿನಿಂದ ಲಾರಿ ಬಂದರೆ ಹಿಂದಕ್ಕೆ ಸರಿದು ದಾರಿ ಬಿಡಬೇಕಾದ ತಿರುವುಗಳಲ್ಲಿ ರೋಗಿಯನ್ನು ಕರೆದೊಯ್ಯುವವರ ಸಂಕಟ ಸಣ್ಣದಲ್ಲ. ಕೊಂಕಣ ರೈಲು 1998ರಲ್ಲಿ ಪೂರ್ತಿ ಸಂಚಾರಕ್ಕೆ ತೆರೆದ ಮೇಲೆ ಶಿರಸಿಯವರಿಗೆ ಕುಮಟಾ ನಿಲ್ದಾಣ ಹತ್ತಿರದ ನಿಲ್ದಾಣಗಳಲ್ಲಿ ಒಂದಾಯಿತು. ರಾತ್ರಿಯ ರೈಲಿಗೆ ಘಟ್ಟ ಇಳಿಯುವವರಿಗೆ ರಸ್ತೆಯ ಅಂಚಿನ ಬಿಳಿ ಗೆರೆಯೊಂದು ಎಷ್ಟು ದೊಡ್ಡ ಆಸರೆ ಎಂಬುದನ್ನು ಮರೆಯಬಾರದು.

ಕಾಮಗಾರಿಗಾಗಿ ಘಟ್ಟದಲ್ಲಿ ಸಂಚಾರ ನಿಲ್ಲಿಸಿದಾಗ ಏನಾಗುತ್ತದೆ ಎಂಬುದೂ ಇತಿಹಾಸದ ಭಾಗವೇ. ದೊಡ್ಡ ವಾಹನಗಳು ಸಿದ್ದಾಪುರ, ಮಾವಿನಗುಂಡಿ, ಗೇರುಸೊಪ್ಪೆಯ ಮೂಲಕ ಹೊನ್ನಾವರಕ್ಕೋ, ಯಲ್ಲಾಪುರ, ಅರಬೈಲು ಘಟ್ಟದ ಮೂಲಕ ಅಂಕೋಲಾಕ್ಕೋ ಸುತ್ತಿ ಹೋಗುತ್ತವೆ. ಸಣ್ಣ ವಾಹನಗಳು ದೊಡ್ಮನೆ ಘಟ್ಟವನ್ನೋ ಯಾಣದ ದಾರಿಯನ್ನೋ ಹಿಡಿಯುತ್ತವೆ. ಪಟ್ಟಣದವರಿಗೆ ಸುತ್ತು ದಾರಿಯಾದರೂ ಇದೆ. ಘಟ್ಟದ ನಡುವೆ ಮನೆಯಿರುವವರಿಗೆ ಬದಲಿ ದಾರಿ ಎಂಬುದೇ ಇಲ್ಲ. ಬಸ್ಸು ನಿಂತರೆ ಶಾಲೆಯ ಮಕ್ಕಳಿಗೂ ಹಾಲು ಹಾಕುವವರಿಗೂ ಅಂದಿನ ದಿನ ಅಲ್ಲಿಗೇ ನಿಂತಿತು. ಅಘನಾಶಿನಿ ದಂಡೆಯವರ ವಾದವನ್ನು ಈ ದಿಕ್ಕಿನಿಂದ ನಾನು ಒಪ್ಪುತ್ತೇನೆ.

ಅಘನಾಶಿನಿ ದಂಡೆ

ತಂಗಿ ಹೇಳಿದ್ದು ಸರಿಯಾಗಿದೆ. ಅಗಲ ಮಾಡಿದ್ದನ್ನು ನಾನು ವಿರೋಧಿಸಿ ಬರೆದವನಲ್ಲ. ಅಗಲ ಮಾಡುವಾಗ ಯಾರನ್ನು ಕೇಳಿದರು ಎಂಬುದು ನನ್ನ ಪ್ರಶ್ನೆ. ಚಂಡಿಕಾ ಹೊಳೆ ಜೋರು ಮಳೆಯಲ್ಲಿ ಉಕ್ಕಿ ಕತಗಾಲದಲ್ಲಿ ರಸ್ತೆಯ ಮೇಲೆ ಹರಿಯುವುದು ಅಲ್ಲಿಯ ಪ್ರತಿಯೊಬ್ಬರಿಗೂ ಗೊತ್ತಿರುವ ಸಂಗತಿ. ನೀರು ಎಲ್ಲಿಗೆ ಮೊದಲು ಏರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಯಾವ ಗದ್ದೆಯ ಮೇಲಿಂದ ಇಳಿಯುತ್ತದೆ ಎಂಬುದನ್ನು ಹೇಳಬಲ್ಲ ಜನ ಅಲ್ಲಿದ್ದಾರೆ. ಅವರ ಮಾತು ನಕ್ಷೆಯಲ್ಲಿ ಸೇರಿದರೆ ಸೇತುವೆಯ ಎತ್ತರವೇ ಬೇರೆಯಾದೀತು.

ಕಾಡಿನ ಬಗ್ಗೆಯೂ ಒಂದು ಮಾತು ಉಳಿದಿದೆ. ಈ ಘಟ್ಟದ ದಕ್ಷಿಣಕ್ಕೆ ಅಘನಾಶಿನಿಯ ಕಣಿವೆಯಲ್ಲಿ ಸಿಂಗಳೀಕಗಳಿವೆ. ಅವುಗಳ ನೆಲೆಯ ಉತ್ತರದ ತುದಿ ಇದೇ ಸೀಮೆ. 2011ರಲ್ಲಿ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದರು. ಸಿಂಗಳೀಕ ಮರದಿಂದ ಮರಕ್ಕೆ ದಾಟುವ ಪ್ರಾಣಿ. ಹಳೆಯ ಕಿರಿದಾದ ಘಟ್ಟದ ರಸ್ತೆಗಳ ಮೇಲೆ ಎರಡೂ ಬದಿಯ ಮರಗಳ ತುದಿಗಳು ಕೂಡಿಕೊಂಡಿರುತ್ತಿದ್ದವು. ಅಗಲವಾದ ರಸ್ತೆಯ ಮೇಲೆ ಆಕಾಶ ತೆರೆದುಕೊಂಡರೆ ಮರದ ಮೇಲೆ ಬದುಕುವ ಪ್ರಾಣಿಗಳು ನೆಲಕ್ಕಿಳಿದು ದಾಟಬೇಕಾಗುತ್ತದೆ. ಅಂಥ ಕಡೆಗಳಲ್ಲಿ ಮರ ಕೂಡುವ ಕೆಲವು ಜಾಗಗಳನ್ನಾದರೂ ಉಳಿಸಿಕೊಳ್ಳಬೇಕೆಂಬುದು ಅತಿಯಾದ ಬೇಡಿಕೆಯಲ್ಲ.

ನಿವೃತ್ತ ಲೋಕೋಪಯೋಗಿಯವರಲ್ಲಿ ಒಂದು ಪ್ರಶ್ನೆ. ಹಳೆಯ ಕಲ್ಲಿನ ಮೋರಿಗಳನ್ನು ಹೊಸ ರಸ್ತೆಯಲ್ಲಿ ಉಳಿಸಿಕೊಳ್ಳಲು ಸಾಧ್ಯವೇ, ಅಥವಾ ಅವು ಹೋಗಲೇಬೇಕೇ?

ನಿವೃತ್ತ ಲೋಕೋಪಯೋಗಿ

ಇಂದಿನ ಲಾರಿಗಳ ಭಾರಕ್ಕೆ ಹಲವು ಕಮಾನುಗಳು ಸಾಲುವುದಿಲ್ಲ, ಅಗಲಕ್ಕೂ ಸಾಲುವುದಿಲ್ಲ. ಆದ್ದರಿಂದ ಬಹುಪಾಲು ಹೋಗಲೇಬೇಕು. ತಿರುವು ನೇರ ಮಾಡಿದ ಕಡೆಗಳಲ್ಲಿ ಹಳೆಯ ರಸ್ತೆಯ ತುಂಡು ಪಕ್ಕದಲ್ಲಿ ಉಳಿದಿದ್ದರೆ ಅಲ್ಲಿಯ ಮೋರಿಯನ್ನು ಮುಟ್ಟದೆ ಬಿಡಬಹುದು. ಕಲ್ಲು ಉಳಿಯುವುದಕ್ಕಿಂತ ಮುಖ್ಯವಾದದ್ದು ಮೋರಿಯ ಜಾಗ ಉಳಿಯುವುದು. ಹಳೆಯ ಮೋರಿ ಇದ್ದಲ್ಲೆಲ್ಲ ಹೊಸದು ಬರಬೇಕು, ಅದರ ಬಾಯಿ ಹಳೆಯದಕ್ಕಿಂತ ದೊಡ್ಡದಿರಬೇಕು. ಮೂರು ತೊರೆಗಳ ನೀರನ್ನು ಪಕ್ಕದ ಗಟಾರದಲ್ಲಿ ಕೂಡಿಸಿ ಒಂದೇ ಪೈಪಿನಿಂದ ದಾಟಿಸುವ ಉಳಿತಾಯ ಘಟ್ಟದಲ್ಲಿ ಮಾಡಬಾರದು. ಕಸಕಡ್ಡಿ, ಬಿದ್ದ ಕೊಂಬೆ ಸಿಕ್ಕಿ ಆ ಒಂದು ಪೈಪು ಕಟ್ಟಿಕೊಂಡ ರಾತ್ರಿ ಮೂರೂ ತೊರೆ ರಸ್ತೆಯ ಮೇಲೆ ಬರುತ್ತವೆ, ಕಣಿವೆಯ ಕಡೆಯ ಅಂಚನ್ನು ಕೊಚ್ಚಿಕೊಂಡು ಹೋಗುತ್ತವೆ.

ಘಟ್ಟದಲ್ಲಿ ಮನೆಯಿರುವ ಸದಸ್ಯರು ಯಾರಾದರೂ ಇದ್ದರೆ, ತಮ್ಮ ಮನೆಯ ಆಚೀಚೆ ಮೋರಿಗಳು ಎಲ್ಲಿದ್ದವು, ಈಗ ಎಲ್ಲಿವೆ, ಮೊದಲ ಮಳೆಗೆ ಯಾವುದು ಕಟ್ಟಿಕೊಳ್ಳುತ್ತದೆ ಎಂಬುದನ್ನು ಊರಿನ ಹೆಸರಿನೊಂದಿಗೆ ಇಲ್ಲಿ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ಮೇ ತಿಂಗಳ ಒಳಗೆ ಪಟ್ಟಿ ಸಿದ್ಧವಾದರೆ ಅದನ್ನು ಸಂಬಂಧಪಟ್ಟ ಕಚೇರಿಗೆ ತಾಂತ್ರಿಕ ಭಾಷೆಯಲ್ಲಿ ಬರೆದು ಕೊಡುವ ಕೆಲಸವನ್ನು ನಾನು ಮಾಡುತ್ತೇನೆ. ಮಳಗಿಯವರ ಭಾಗದ ವಿವರವನ್ನೂ ಅದರಲ್ಲಿಯೇ ಸೇರಿಸೋಣ. ತಡಸದವರೆಗೂ ಅದು ಒಂದೇ ರಸ್ತೆ.